ಹಳೆ ಹಾಸಿನ ತುದಿ

ಟಕ್. ಒಂದು ಗಳಿಗೆ ತಡೆದು, ಟಕ್ ಟಕ್. ಕಾಲುಂಗುರವೊಂದು ಮೇಜಿನ ಕೆಳಗಿನ ಕಬ್ಬಿಣದ ಸರಳಿಗೆ ಬಡಿಯುವ ಸದ್ದು ಅದು. ಈಗಲೂ ಮಧ್ಯಾಹ್ನ ಸುಮ್ಮನೆ ಕೂತರೆ ಕಿವಿಗೆ ಬರುತ್ತದೆ. ಆಗ ಎದ್ದು ಅಡಿಗೆಮನೆಯವರೆಗೆ ಹೋಗುತ್ತೇನೆ. ಯಾಕೆ ಬಂದೆ ಅಂತ ಅಲ್ಲಿ ನೆನಪಾಗುವುದಿಲ್ಲ, ವಾಪಸ್ ಬಂದು ಕೂರುತ್ತೇನೆ.

ಗದಗಿನ ಕಾಲೇಜೊಂದರಲ್ಲಿ ಮೊದಲು ಗಣಿತ, ಆಮೇಲೆ ಕಂಪ್ಯೂಟರ್ ಸೈನ್ಸ್, ಒಟ್ಟು ಮೂವತ್ತೊಂದು ವರ್ಷ ಕಲಿಸಿ ರಿಟೈರ್ ಆದ ಮರುವರ್ಷದ ಮಾತಿದು. ಒಂದು ಟ್ರಸ್ಟಿನವರು ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಹೀಗೆ ನಾಲ್ಕು ಕಡೆ ಹೆಣ್ಣುಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಕೇಂದ್ರ ತೆರೆಯುವವರಿದ್ದರು. ಮುಂಡರಗಿಯ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಬೆಟಗೇರಿಯ ಕೇಂದ್ರಕ್ಕೆ ನನ್ನನ್ನು ಕೋಆರ್ಡಿನೇಟರ್ ಅಂತ ಕರೆದರು. ಮನೆಯಲ್ಲಿ ಕೂತು ಕೈ ಕಾಲು ಜೋಮು ಹಿಡಿದಿದ್ದ ನಾನು ಸಂಬಳ ಎಷ್ಟು ಅಂತ ಕೂಡ ಕೇಳದೆ ಒಪ್ಪಿಕೊಂಡೆ.

ನೂಲಿನ ಅಂಗಡಿಯ ಮೇಲೆ ಎರಡು ಕೋಣೆ. ಎಂಟು ಕಂಪ್ಯೂಟರು, ಹದಿನೈದು ಜನ ಕಲಿಯುವವರು, ಎಲ್ಲಕ್ಕೂ ಸೇರಿ ಒಂದೇ ಯುಪಿಎಸ್. ಕರೆಂಟು ಹೋದ ಕೂಡಲೇ ಅದು ಕೀಂ ಕೀಂ ಅಂತ ಚೀರಲು ಶುರುಮಾಡುತ್ತಿತ್ತು. ಏಳು ನಿಮಿಷ ಚೀರಿ ಸುಮ್ಮನಾಗುತ್ತಿತ್ತು. ಆ ಏಳು ನಿಮಿಷದಲ್ಲಿ ಬರೆದದ್ದನ್ನೆಲ್ಲ ಸೇವ್ ಮಾಡಬೇಕು. ಜುಲೈಯಿಂದ ಡಿಸೆಂಬರ್‌ವರೆಗೆ ಆರು ತಿಂಗಳ ಕೋರ್ಸು. ಕೊನೆಯ ಪರೀಕ್ಷೆ ಏನೆಂದರೆ, ಏನೂ ಇಲ್ಲದ ಹೊಸ ಲ್ಯಾಪ್‌ಟಾಪ್ ಕೊಡುತ್ತಾರೆ. ಪೈಥಾನ್ ಎನ್ನುವ ಪ್ರೋಗ್ರಾಮಿಂಗ್ ಭಾಷೆಯನ್ನು ಅದರಲ್ಲಿ ತಾವೇ ಇನ್‌ಸ್ಟಾಲ್ ಮಾಡಬೇಕು, ಒಂದು ಸ್ವಂತ ಪ್ರೋಗ್ರಾಂ ಬರೆಯಬೇಕು, ಓಡಿಸಿ ತೋರಿಸಬೇಕು. ನಲವತ್ತೈದು ನಿಮಿಷ.

ಕಾಲುಂಗುರದ ಸದ್ದು ಶಂಕ್ರವ್ವನದು. ನಲವತ್ತೆರಡು ವಯಸ್ಸು, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಅಕ್ಷರ ಕಲಿತದ್ದು ನೂಲಿನ ಬಂಡಲ್ ಮೇಲಿನ ಲೇಬಲ್ ಓದಿ ಓದಿ. ಇಪ್ಪತ್ತೆರಡು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದಿದ್ದಳು. ಕುಣಿಮಗ್ಗ ಅಂದರೆ ನೆಲದಲ್ಲಿ ತೋಡಿದ ತಗ್ಗಿಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುವ ಮಗ್ಗ. ಯೋಚನೆಗೆ ಬಿದ್ದರೆ ಸಾಕು, ಆಕೆಯ ಬಲಗಾಲು ತಂತಾನೇ ತುಳಿಯತೊಡಗುತ್ತಿತ್ತು. ನಮ್ಮ ಮೇಜಿನ ಕೆಳಗೆ ಹಲಗೆ ಇರಲಿಲ್ಲ, ಸರಳಿತ್ತು. ಆ ಬಲಗಾಲೇ ಕೈಕೊಡುತ್ತಿತ್ತು. ಮೊಣಕಾಲು ಸವೆದಿದೆ, ಇನ್ನು ಮಗ್ಗ ತುಳಿದರೆ ನಡೆಯುವುದೇ ಕಷ್ಟ ಅಂತ ಡಾಕ್ಟರು ಹೇಳಿದ್ದರು.

ಹೆಸರು ಬರೆಸಲು ಬಂದ ದಿನವೇ ಆಕೆ ನೇರ ಕೇಳಿದ್ದಳು. "ಅಕ್ಕೋರ, ಪಾಸಾದವರೊಳಗ ಒಬ್ಬರನ್ನ ಮುಂಡರಗಿ ಸೆಂಟರಿಗೆ ಕಲಸಾಕ ತಗೋತಾರಂತಲ್ರಿ, ಖರೆ ಏನ್ರಿ?"

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರು. "ಖರೆ. ಬೆಟಗೇರಿಯಿಂದ ಒಬ್ಬರು. ಆದ್ರ ಪರೀಕ್ಷಾ ಪಾಸ್ ಆಗಬೇಕು."

"ಹಂಗಾದ್ರ ನನ್ನ ಹೆಸರ ಬರಕೋರಿ. ಆ ಕೆಲಸ ಸಿಕ್ರ ಕುಂತ ದುಡೀತೀನಿ. ಇಲ್ಲಂದ್ರ ಮತ್ತ ಕುಣ್ಯಾಗ ಇಳೀಬೇಕು, ಕಾಲು ಹೋಗೂತನಕ."

ಮೊದಲ ದಿನ "ಹಲೋ ವರ್ಲ್ಡ್" ಅಂತ ಬರೆಸುವುದು ಎಲ್ಲ ಕಡೆಯ ರೂಢಿ. ಅಂದರೆ ಆ ಎರಡು ಪದವನ್ನು ತೆರೆಯ ಮೇಲೆ ತೋರಿಸು ಅಂತ ಯಂತ್ರಕ್ಕೆ ಹೇಳುವ ಒಂದೇ ಸಾಲಿನ ಪ್ರೋಗ್ರಾಂ. ನಾನು ಮಾತ್ರ, ನಿಮಗ ಬೇಕಾದ್ದು ಬರೀರಿ ಅಂದೆ. ಹೊಲಿಗೆ ಅಂಗಡಿಯ ಶಬಾನಾ ತನ್ನ ಹೆಸರಿನ ಮುಂದೆ ಮೇಡಂ ಅಂತ ಸೇರಿಸಿ ಬರೆದು ತಾನೇ ನಕ್ಕಳು. ಶಂಕ್ರವ್ವ ಬಹಳ ಹೊತ್ತು ಟಕ್ ಟಕ್ ಅನ್ನಿಸಿ, ಒಂದೇ ಬೆರಳಲ್ಲಿ ಇಂಗ್ಲಿಷ್ ದೊಡ್ಡ ಅಕ್ಷರ ಹುಡುಕಿ ಒತ್ತಿದಳು. ಓಡಿಸಿದಾಗ ತೆರೆಯ ಮೇಲೆ ಬಂತು: ಕರೆಂಟ್ ಐತಿ.

"ಇದೇನ ಶಂಕ್ರವ್ವ?"

"ಇದು ಮಾತಾಡಿದ್ರ ಕರೆಂಟ್ ಐತಿ ಅಂತನ ಅಲ್ಲೇನ್ರಿ ಅಕ್ಕೋರ? ಕರೆಂಟ್ ಇಲ್ಲಂದ್ರ ಸುಳ್ಳ ಹೇಳಾಕ ಇದಕ್ಕ ಬಾಯಿನ ಇರೂದಿಲ್ಲ."

"ಏ ಶಂಕ್ರಕ್ಕ, ಲೈನ್‌ಮನ್ ನೌಕರಿಗೆ ಅರ್ಜಿ ಹಾಕೀಯೇನ?" ಅಂದಳು ಶಬಾನಾ. ಹದಿನೈದು ಜನವೂ ನಕ್ಕರು. ನಾನೂ ನಕ್ಕೆ. ಆ ಒಂದು ಸಾಲು ಮುಂದೆ ನನ್ನನ್ನು ಎಷ್ಟು ಕಾಡಲಿದೆ ಅಂತ ಆಗ ಏನು ಗೊತ್ತು!

ಎರಡನೇ ವಾರದಿಂದ ಅದು ಶುರುವಾಯಿತು. ಹೊಸ ಪಾಠಕ್ಕೆ ಎಲ್ಲರೂ ನ್ಯೂ ಫೈಲ್ ತೆಗೆಯುತ್ತಿದ್ದರು. ಶಂಕ್ರವ್ವ ಮಾತ್ರ ಹಿಂದಿನ ಫೈಲನ್ನೇ ತೆಗೆದು, ಮುಕ್ಕಾಲು ಪಾಲು ಅಳಿಸಿ, ಮೇಲಿನ ನಾಲ್ಕೈದು ಸಾಲು ಹಾಗೇ ಬಿಟ್ಟು, ಅದರ ಕೆಳಗೆ ಹೊಸದನ್ನು ಬರೆಯುತ್ತಿದ್ದಳು. ಹೀಗಾಗಿ ಆಕೆ ಕೂಡಿಸುವ ಲೆಕ್ಕ ಮಾಡಿಸಲಿ, ಮಗ್ಗಿ ಹೇಳಿಸಲಿ, ಯಂತ್ರ ಮೊದಲು ಕರೆಂಟ್ ಐತಿ ಅಂತ ಹೇಳಿಯೇ ಮುಂದಿನ ಮಾತಾಡುತ್ತಿತ್ತು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. "ನ್ಯೂ ಲೆಸನ್, ನ್ಯೂ ಪೇಜ್, ಚಿಲ್ಡ್ರನ್" ಅನ್ನುತ್ತ ಸಿಸ್ಟರ್ ಬೆಂಚುಗಳ ನಡುವೆ ನಡೆದು ಬರುತ್ತಿದ್ದರು. ಹಳೆ ಪಾಠದ ಬಾಲ ಹೊಸ ಪುಟದಲ್ಲಿ ಕಂಡರೆ ಪುಟವನ್ನೇ ಹರಿಯುತ್ತಿದ್ದರು. ಆ ಕಾಗದ ಹರಿಯುವ ಸದ್ದಿಗೆ ಹೆದರಿ ಬೆಳೆದವಳಿಗೆ ಶಂಕ್ರವ್ವನ ಫೈಲು ನೋಡಿದರೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು. ನ್ಯೂ ಫೈಲ್ ತಗೀ ಅಂತ ದಿನಾ ಹೇಳುತ್ತಿದ್ದೆ. "ತಗೀತೀನ್ರಿ ಅಕ್ಕೋರ" ಅಂತ ದಿನಾ ಅನ್ನುತ್ತಿದ್ದಳು. ಮರುದಿನ ಮತ್ತೆ ಅದೇ.

ಆದರೆ ಹುಷಾರು ಹೆಂಗಸು. ಪರೀಕ್ಷೆಗೆ ತನ್ನದೇ ವಿಷಯ ಆರಿಸಿಕೊಂಡಳು: ಸೀರೆಯ ಅಂಚು. ಕೆಂಪು ಎಳೆ ಎಷ್ಟು, ಹಳದಿ ಎಳೆ ಎಷ್ಟು, ಎಷ್ಟು ಸಲ ತಿರುಗಿ ಬರಬೇಕು ಅಂತ ಹೇಳಿದರೆ ಆ ಪ್ರೋಗ್ರಾಂ ಅಕ್ಷರಗಳಲ್ಲಿ ಅಂಚಿನ ನಕ್ಷೆ ಹಾಕಿ ತೋರಿಸುತ್ತಿತ್ತು. ಕಾಲೇಜಿನ ಎಷ್ಟೋ ಹುಡುಗರು ಮೂರು ವರ್ಷ ಕಲಿತರೂ ತಮ್ಮದು ಅಂತ ಇಷ್ಟು ಯೋಚಿಸಿದ್ದನ್ನು ನಾನು ಕಂಡಿರಲಿಲ್ಲ.

ಪರೀಕ್ಷೆಗೆ ಒಂದು ವಾರವಿದ್ದಾಗ ಎಡವಟ್ಟು ಬಯಲಾಯಿತು. ಶಬಾನಾ ಆ ಅಂಚಿನ ಪ್ರೋಗ್ರಾಮನ್ನು, ಅಂದರೆ ಕೆಳಗಿನ ಹೊಸ ಸಾಲುಗಳನ್ನಷ್ಟೇ, ತನ್ನ ಯಂತ್ರಕ್ಕೆ ಹಾಕಿಕೊಂಡು ಓಡಿಸಿದಳು. ಓಡಲಿಲ್ಲ. ಕೆಂಪು ಅಂದರೆ ಏನು ಅಂತ ನನಗೆ ಯಾರೂ ಹೇಳಿಲ್ಲ ಎಂಬ ಅರ್ಥದ ಎರರ್ ಬಂತು. ನೋಡಿದರೆ, ಕೆಂಪು ಎಳೆ ನಾಲ್ಕು ಅನ್ನುವ ಸಾಲು ಶಂಕ್ರವ್ವನ ಹಳೆ ತುಣುಕಿನಲ್ಲಿ ಉಳಿದಿತ್ತು. ಹೊಸದರಲ್ಲಿ ಆಕೆ ಅದನ್ನು ಬರೆದೇ ಇರಲಿಲ್ಲ. ಆಕೆಯ ಯಂತ್ರದಲ್ಲಿ ಅದು ಓಡುತ್ತಿದ್ದದ್ದು ಹಳೆಯದರ ಪುಣ್ಯದಿಂದ.

ನನಗೆ ಗೆದ್ದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. "ನೋಡಿದ್ಯಾ? ನಿನ್ನ ಹೊಸಾ ಪ್ರೋಗ್ರಾಂ ಹಳೇದರ ಅನ್ನ ಉಣ್ಣಾಕತ್ತಿತ್ತು!" ಅಂದು ಕೀಬೋರ್ಡ್ ನನ್ನ ಕಡೆ ಎಳೆದುಕೊಂಡೆ. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಅಳಿಸಿದೆ. "ಇನ್ನ ಮ್ಯಾಲೆ ಕ್ಲೀನ್ ಪೇಜ್. ಪರೀಕ್ಷಾದಾಗೂ ಹಂಗ. ತಿಳೀತಿಲ್ಲೋ?"

ಶಂಕ್ರವ್ವ ಖಾಲಿ ತೆರೆಯನ್ನು ನೋಡುತ್ತ ಕೂತಳು. "ಮತ್ತ ಎದಕ್ಕ ಕಟ್ಟಲ್ರಿ ಅಕ್ಕೋರ?" ಅಂದಳು.

ಅದು ಪ್ರಶ್ನೆಯೇ ಅಲ್ಲ ಅಂತ ನಾನು ಮುಂದಿನ ಮೇಜಿಗೆ ಹೋದೆ.

ಪರೀಕ್ಷೆ ಲಕ್ಷ್ಮೇಶ್ವರದ ಕೇಂದ್ರದಲ್ಲಿ. ಬೆಂಗಳೂರಿನಿಂದ ಬಂದ ಎಂಜಿನಿಯರ್ ಒಬ್ಬರು ಪರೀಕ್ಷಕರು, ಮೂವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ. ಕಲಿಸಿದವರು ಹಿಂದೆ ಕೂರಬಹುದು, ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಹಾಗಂತ ಬರೆದ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ.

ಶಂಕ್ರವ್ವ ಪೈಥಾನ್ ಇನ್‌ಸ್ಟಾಲ್ ಮಾಡಿದಳು. ಆ ಕೆಲಸದಲ್ಲಿ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕುವುದಿರುತ್ತದೆ. ಹಾಕದಿದ್ದರೆ ಭಾಷೆ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸಕ್ಕರೆ ಡಬ್ಬಿ ಮನೆಯಲ್ಲಿಟ್ಟು ಯಾವ ಕಪಾಟು ಅಂತ ಹೇಳದೆ ಹೋದ ಹಾಗೆ. ಗಾಬರಿಯಲ್ಲಿ ಆಕೆ ಅದನ್ನು ಬಿಟ್ಟಿದ್ದಳು. ನನಗೆ ಹಿಂದಿನಿಂದ ಅದು ಕಾಣಲಿಲ್ಲ. ಕಂಡದ್ದು ಆಮೇಲಿನದು. ಹೊಸ ಫೈಲು ತೆಗೆದು, ಟಕ್ ಟಕ್ ಅನ್ನಿಸಿ, ಮೊದಲ ಸಾಲಿನಲ್ಲಿ ಮತ್ತೆ ಅದೇ ದೊಡ್ಡ ಅಕ್ಷರಗಳು: ಕರೆಂಟ್ ಐತಿ.

ನನ್ನ ಜೀವ ತಡೆಯಲಿಲ್ಲ. ಓಡಿಸುವ ಮೊದಲು ಆಕೆ ಯಾಕೋ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ತೊಡೆಯ ಮೇಲಿದ್ದ ಕೈಯ ಬೆರಳನ್ನು, ಬೋರ್ಡ್ ಒರೆಸುವ ಹಾಗೆ, ಒಂದೇ ಸಲ ಆಡಿಸಿದೆ.

ಅಳಿಸಿದಳು. ಆಮೇಲೆ ಕಾಲಿನ ಸದ್ದು ನಿಂತುಹೋಯಿತು.

ಹದಿನೈದು ಸಾಲು ಒಂದೇ ಉಸಿರಿಗೆ ಬರೆದಳು. ಓಡಿಸಿದಳು. ಪೈಥಾನ್ ಅಂದರೆ ಏನು ಅಂತಲೇ ನನಗೆ ಗೊತ್ತಿಲ್ಲ ಅಂದಿತು ಯಂತ್ರ. ತಪ್ಪು ಸೆಟಪ್‌ನಲ್ಲಿದೆ ಅಂತ ಆಕೆಗೆ ಹೇಗೆ ಗೊತ್ತಾಗಬೇಕು? ತನ್ನ ಬರಹವೇ ತಪ್ಪಿದೆ ಅಂದುಕೊಂಡು ಒಂದೊಂದೇ ಸಾಲು ತಿದ್ದತೊಡಗಿದಳು. ಇಪ್ಪತ್ತು ನಿಮಿಷ ತಿದ್ದಿದಳು. ಟೈಮ್ ಅಪ್ ಅನ್ನುವ ಹೊತ್ತಿಗೆ ತೆರೆಯ ಮೇಲೆ ಅಂಚೂ ಇರಲಿಲ್ಲ, ಸೀರೆಯೂ ಇರಲಿಲ್ಲ.

ಪರೀಕ್ಷಕರು ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು. "ಬೇಜಾರಾಯ್ತು ಮೇಡಂ. ಮೊದಲು ಬರೆದದ್ದು ಸರಿಯಾಗೇ ಇತ್ತು. ಒಂದೇ ಒಂದು ಸಾಲು ಓಡಿಸಿ ನೋಡಿದ್ದಿದ್ರೆ ಸೆಟಪ್ ಆಗಿಲ್ಲ ಅಂತ ಗೊತ್ತಾಗ್ತಿತ್ತು."

ಒಂದೇ ಒಂದು ಸಾಲು. ಅದನ್ನು ಅಳಿಸಿದ್ದು ನನ್ನ ಬೆರಳು.

ಬಸ್ಸಿನಲ್ಲಿ ಆಕೆ ನನ್ನ ಪಕ್ಕವೇ ಕೂತಳು. ಬಲಗಾಲನ್ನು ಚೀಲದ ಮೇಲಿಟ್ಟು ಮೊಣಕಾಲು ತಿಕ್ಕುತ್ತಿದ್ದಳು. ಮಾಗಡಿ ಕೆರೆ ಹಾಯುವಾಗ ಹಕ್ಕಿಗಳ ಹಿಂಡೊಂದು ನೀರಿನಿಂದ ಎದ್ದು, ಸುತ್ತಿ, ಮತ್ತೆ ಇಳಿದು, ಕೂರದೆ ಮತ್ತೆ ಎದ್ದಿತು. ಕಿಟಕಿಯ ಕಡೆ ಮುಖ ಮಾಡಿಯೇ ಶಂಕ್ರವ್ವ ಹೇಳಿದಳು. "ನೀವು ಅಳಸು ಅಂದ್ರಿ, ಅಳಸಿದೆ. ಇರ್ಲಿ ಬಿಡ್ರಿ ಅಕ್ಕೋರ. ಸೋಮವಾರ ಮನಿಗೆ ಹೊಸಾ ಹಾಸು ಬರತೈತಿ. ಇಳೀತೀನಿ ಕುಣ್ಯಾಗ."

ಬೈದಿದ್ದರೆ ಚೆನ್ನಾಗಿತ್ತು. ನಡುವೆ ಒಂದು ರವಿವಾರವಿತ್ತು, ಅದನ್ನು ಹೇಗೆ ಕಳೆದೆನೋ. ಸೋಮವಾರ ಬೆಳಿಗ್ಗೆ ಅವಳ ಮನೆಗೇ ಹೋದೆ.

ಹಾಸು ಅಂದರೆ ಮಗ್ಗದ ಉದ್ದಕ್ಕೆ ಎಳೆದು ಕಟ್ಟುವ ನೂಲು, ಅಡ್ಡ ನೂಲು ಇದರ ನಡುವೆ ಹಾಯುತ್ತದೆ. ಮಗ್ಗದ ಈ ಕಡೆ ಶಂಕ್ರವ್ವ, ಆ ಕಡೆ ಅವಳ ಅತ್ತೆ ಬಸಮ್ಮ, ನಡುವೆ ಒಂದು ಬಟ್ಟಲು ಬೂದಿ. ಹಳೆ ಸೀರೆ ಕೊಯ್ದು ತೆಗೆದಿದ್ದರು, ಆದರೆ ಹಳೆ ಹಾಸಿನ ಗೇಣುದ್ದ ತುದಿಯನ್ನು ಮಗ್ಗದಲ್ಲೇ ಬಿಟ್ಟಿದ್ದರು. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಒಂದು ಎಳೆಗೆ ಹೊಸದೊಂದು ಎಳೆ ಸೇರಿಸಿ ಹೊಸೆಯುವುದು. ಆಮೇಲೆ ಇನ್ನೊಂದು. ಹೀಗೆ ಸಾವಿರಾರು. ಈ ಕೆಲಸಕ್ಕೆ ಕೆಚ್ಚುವುದು ಅನ್ನುತ್ತಾರೆ.

"ಅದನ್ಯಾಕ ಬಿಟ್ಟೀರಿ ಬಸಮ್ಮ? ಹಳೇದು ಪೂರಾ ತಗದು ಹೊಸಾದು ಹಾಕಬಾರ್ದ?"

ಬಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕೋರ, ಹಳೇದೆಲ್ಲಾ ಮೊದಲ ಹಣಿಗ್ಯಾಗ ಪಾಡಾಗಿ ಕುಂತೈತ್ರಿ. ಅದರ ಬಾಲಾ ಹಿಡಕೊಂಡ ಹೊಸಾದು ತಾನ ಒಳಗ ಬರತೈತಿ. ಪೂರಾ ಕಿತ್ತಿದ್ರ ಒಂದೊಂದ ಎಳಿ ಮೊದಲಿಂದ ಹಾಯಿಸಬೇಕು, ಎಲ್ಲಿ ತಪ್ಪೇತಿ ಅಂತ ಹುಡುಕಬೇಕು. ಬುದ್ಧಿ ಇದ್ದವರು ಯಾರ್ ಮಾಡ್ತಾರ್ರಿ ಅದನ್ನ?"

ಹಣಿಗೆ ಅಂದರೆ ಎಳೆಗಳು ಹಾಯುವ ಬಾಚಣಿಗೆಯಂಥದ್ದು. ಅದರಲ್ಲಿ ಸಾಲಾಗಿ ನಿಂತ ಹಳೆ ಎಳೆಗಳನ್ನು ನೋಡುತ್ತ ನಿಂತೆ. "ಮತ್ತ ಗಂಟು? ಸೀರ್ಯಾಗ ಬರೂದಿಲ್ಲೇನು?"

"ಬರಾಕ ಬಿಡ್ತೀವೇನ್ರಿ? ಗಂಟು ದಾಟಿ ಬಂದಿಂದ ಕೊಯ್ದ ಒಗೀತೀವಿ."

ಅಷ್ಟೇ ಇತ್ತು ವಿಷಯ. ಶಂಕ್ರವ್ವ ಸರಿಯಾದದ್ದನ್ನೇ ಮಾಡುತ್ತಿದ್ದಳು: ಓಡುತ್ತದೆ ಅಂತ ಗೊತ್ತಿರುವ ತುದಿಗೆ ಹೊಸದನ್ನು ಕಟ್ಟುತ್ತಿದ್ದಳು. ಕೊನೆಗೆ ಕೊಯ್ಯುವುದೊಂದು ಬಿಟ್ಟುಹೋಗಿತ್ತು. ನಾನೋ, ಕಟ್ಟುವ ಮೊದಲೇ ಕೊಯ್ಯಿಸಿದ್ದೆ.

ಆಕೆ ಒಂದು ಕೈ ಗೋಡೆಗೆ ಕೊಟ್ಟು ಕುಣಿಗೆ ಇಳಿದಳು. ಇಳಿಯುವಾಗ ತುಟಿ ಕಚ್ಚಿದ್ದು ನನಗೆ ಕಂಡಿತು. ಚಾ ಕೊಟ್ಟರು, ನಿಂತೇ ಕುಡಿದೆ.

ಅವತ್ತೇ ಟ್ರಸ್ಟಿಗೆ ಪತ್ರ ಬರೆದೆ. ಪರೀಕ್ಷೆಯಲ್ಲಿ ಸನ್ನೆ ಮಾಡಿದ್ದೇನೆ, ನನ್ನ ಸನ್ನೆಯಿಂದಲೇ ಆಕೆ ಕೆಟ್ಟಳು, ಆಕೆಗೆ ಮರುಪರೀಕ್ಷೆ ಕೊಡಿ. ಪರೀಕ್ಷಕರು ಫೋನ್ ಮಾಡಿದರು.

"ಮೇಡಂ, ಅದನ್ನ ಯಾರೂ ನೋಡಿಲ್ಲ. ಇಷ್ಟು ವರ್ಷದ ಹೆಸರು ನಿಮ್ಮದು. ಸುಮ್ನೆ ಯಾಕೆ ಬರೀತೀರಿ?"

"ನಾ ನೋಡೀನಿ" ಅಂದೆ.

ಹತ್ತು ದಿನಕ್ಕೆ ಉತ್ತರ ಬಂತು. ಮರುಪರೀಕ್ಷೆ ಮುಂಡರಗಿಯ ಹೊಸ ಕಟ್ಟಡದಲ್ಲಿ, ಇನ್ನು ಹದಿನೈದು ದಿನಕ್ಕೆ. ಅಲ್ಲಿಯವರೆಗೆ ಕಲಿಸುವ ಕೆಲಸಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಕೋಆರ್ಡಿನೇಟರ್ ಒಳಗೆ ಬರುವಂತಿಲ್ಲ. ಮುಂದಿನ ಬ್ಯಾಚಿಗೆ ಬೇರೆ ಕೋಆರ್ಡಿನೇಟರ್ ಬರುತ್ತಾರೆ. ನನ್ನ ಸೇವೆಗೆ ಥ್ಯಾಂಕ್ಸ್ ಕೂಡ ಹೇಳಿದ್ದರು.

ಆ ಹದಿನೈದು ದಿನ ನನ್ನ ಪಾಠವನ್ನೇ ತಿರುವಿ ಹಾಕಿದೆ. ಮೊದಲು ಹಳೆ ಒಂದು ಸಾಲು, ಓಡಿಸಿ ನೋಡು. ಅದು ಮಾತಾಡಿದರೆ ಸೆಟಪ್ ಸರಿ. ಮಾತಾಡದಿದ್ದರೆ ತಪ್ಪು ನಿನ್ನದಲ್ಲ, ಸೆಟಪ್‌ನದು. ಆಮೇಲೆ ಹೊಸದನ್ನು ಕಟ್ಟು. ಎಲ್ಲ ಮುಗಿದ ಮೇಲೆ ಹಳೆಯದನ್ನು ಕೊಯ್ದು, ಇನ್ನೊಮ್ಮೆ ಓಡಿಸು.

"ಇದು ನೇಯ್ಗಿನ ಅಲ್ಲೇನ್ರಿ ಅಕ್ಕೋರ?" ಅಂದಳು ಶಂಕ್ರವ್ವ. "ಮೊದಲ ಯಾಕ ಹೇಳಲಿಲ್ರಿ ಹಿಂಗಂತ?"

"ಮೊದಲ ನನಗ ಗೊತ್ತಿರಲಿಲ್ಲ." ಮೂವತ್ತೊಂದು ವರ್ಷ ಮೇಷ್ಟರಿಕೆ ಮಾಡಿದವಳಿಗೆ ಈ ಮಾತು ಎಷ್ಟು ಗಟ್ಟಿ ಇರುತ್ತದೆ ಅಂತ ನುಂಗಿದವರಿಗೇ ಗೊತ್ತು.

ಮುಂಡರಗಿಯಲ್ಲಿ ನಾನು ಹೊರಗೆ, ಬೇವಿನ ಮರದಿಂದ ಗೇಟಿಗೆ, ಗೇಟಿನಿಂದ ಮರಕ್ಕೆ ತಿರುಗುತ್ತಿದ್ದೆ. ಕಿಟಕಿ ತೆರೆದಿತ್ತು. ಕಿವಿಯೆಲ್ಲ ಅಲ್ಲಿ. ಸದ್ದಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು, ಒಂದು ಟಕ್ ಕೂಡ ಇಲ್ಲ. ಲಕ್ಷ್ಮೇಶ್ವರದಲ್ಲಿ ಸದ್ದು ನಿಂತ ಮೇಲೆ ಏನಾಗಿತ್ತು ಅಂತ ನೆನಪಾಯಿತು. ಇಪ್ಪತ್ತೈದು ನಿಮಿಷ. ಗೇಟಿನ ಚಿಲಕ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆನಂತೆ, ವಾಚ್‌ಮನ್ ಬಂದು "ಹೊರಗ ಹೋಗೋರೇನ್ರಿ ಅಮ್ಮಾರ, ಇರೋರೇನ್ರಿ?" ಅಂತ ಕೇಳಿದ.

ಮೂವತ್ತೆಂಟನೇ ನಿಮಿಷಕ್ಕೆ ಶಂಕ್ರವ್ವ ಹೊರಗೆ ಬಂದಳು. ಕುಂಟುತ್ತ, ಆದರೆ ನಗುತ್ತ.

"ಮತ್ತ ಟಿಕ್ ಹಾಕೂದ ಮರತಿದ್ನಿರಿ ಅಕ್ಕೋರ. ಕರೆಂಟ್ ಐತಿ ಅಂತ ಬರದು ಓಡಿಸಿದ್ರ ಪಿಟ್ ಅನ್ನವಲ್ದು. ಗೊತ್ತಾತು, ನಂದಲ್ಲ ತಪ್ಪು ಅಂತ. ಮತ್ತೊಮ್ಮೆ ಹಾಕಿದೆ, ಮಾತಾಡ್ತು. ಅಂಚು ಕಟ್ಟಿದೆ. ಕಡೀಗೆ ಹಳೇದು ಕೊಯ್ದೆ, ಆಗೂ ಓಡ್ತು. ಪಾಸ್ ಅಂದ್ರು ಸಾಹೇಬ್ರು."

"ಮತ್ತ ನಿನ್ನ ಕಾಲಿನ ಸಪ್ಪಳನ ಇಲ್ಲಲ್ಲ ಮಾರಾಯ್ತಿ! ನನ್ನ ಜೀವಾ ಹೋಗಿತ್ತು."

"ಇಲ್ಲಿ ಮೇಜಿಗೆ ಸರಳ ಇಲ್ರಿ ಅಕ್ಕೋರ" ಅಂದಳು, ನನ್ನನ್ನೇ ವಿಚಿತ್ರವಾಗಿ ನೋಡುತ್ತ.

ನನ್ನ ಕೆಲಸ ಹೋಯಿತು, ಆಕೆಗೆ ಸಿಕ್ಕಿತು. ಅದಕ್ಕೆ ನನಗೆ ಬೇಸರವಿಲ್ಲ ಅಂದರೆ ಪೂರ್ತಿ ಖರೆಯಾಗುವುದಿಲ್ಲ, ಬೆಳಿಗ್ಗೆ ಹತ್ತಾದರೆ ಈಗಲೂ ಬೆಟಗೇರಿಯ ಕಡೆ ಕಾಲು ಎಳೆಯುತ್ತದೆ. ಆದರೆ ಈ ವೃತ್ತಿ ನನಗೆ ಏನಾದರೂ ಕಲಿಸಿದ್ದರೆ ಅದು ಆ ಕೊನೆಯ ಆರು ತಿಂಗಳಲ್ಲೇ. ಏನೂ ಗೊತ್ತಿಲ್ಲ ಅಂತ ನಮ್ಮ ಮುಂದೆ ಬಂದು ಕೂರುವವರು ಏನನ್ನೋ ಚೆನ್ನಾಗಿ ಬಲ್ಲವರೇ ಆಗಿರುತ್ತಾರೆ. ಆ ತುದಿ ಯಾವುದು ಅಂತ ಕಲಿಸುವವರು ಮೊದಲು ಕೇಳಿಕೊಳ್ಳಬೇಕು. ಸಿಸ್ಟರ್ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ನಾನಂತೂ ಎಷ್ಟು ಜನರ ಪುಟ ಹರಿದೆನೋ, ಲೆಕ್ಕವಿಟ್ಟಿಲ್ಲ.

ಶಂಕ್ರವ್ವನನ್ನು ಕೊನೆಯ ಸಲ ನೋಡಿದ್ದು ಮರುವರ್ಷ ಜೂನ್‌ನಲ್ಲಿ. ನನ್ನಲ್ಲೇ ಉಳಿದಿದ್ದ ಹಾಜರಿ ಪುಸ್ತಕ ಕೊಟ್ಟು ಬರುವ ನೆಪದಲ್ಲಿ ಮುಂಡರಗಿಗೆ ಹೋಗಿದ್ದೆ. ಹನ್ನೆರಡು ಜನ ಹೆಣ್ಣುಮಕ್ಕಳು ಕೂತಿದ್ದರು. ಬಾಗಿಲಲ್ಲಿ ನಾನು ನಿಂತದ್ದು ಆಕೆಗೆ ಕಂಡಿರಲಿಲ್ಲ, ಮುಂದಿನ ಮೇಜಿನವಳನ್ನು ಗದರಿಸುತ್ತಿದ್ದಳು. "ಆಗಳೆ ಯಾಕ ಅಳಸ್ತಿ ಅದನ್ನ? ಹೊಸಾದು ಒಳಗ ಬರಲಿ ತಡಿ. ಆಮ್ಯಾಲೆ ಕೊಯ್ಯವಂತಿ."

ಅಷ್ಟರಲ್ಲಿ ನನ್ನನ್ನು ನೋಡಿ, "ಅಯ್ಯ, ಅಕ್ಕೋರು! ಬರ್ರಿ, ಕುಂಡ್ರಿ, ಚಾ ತರಸ್ತೀನಿ" ಅಂದಳು. ಅನ್ನುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಯುಪಿಎಸ್ ಚೀರತೊಡಗಿತು. "ಸೇವ್ ಮಾಡ್ರೆವಾ, ಜಲ್ದಿ ಜಲ್ದಿ" ಅನ್ನುತ್ತ ಆಕೆ ತನ್ನ ಯಂತ್ರದ ಮುಂದೆ ಹೋಗಿ ಕೂತಳು. ನನಗೆ ಬಸ್ಸಿನ ಹೊತ್ತಾಗಿತ್ತು. ಪುಸ್ತಕವನ್ನು ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟೆ. ಹೊರಡುವ ಮುನ್ನ ಒಮ್ಮೆ ಬಗ್ಗಿ ಆಕೆಯ ಮೇಜಿನ ಕೆಳಗೆ ನೋಡಿದೆ. ತಾಗಲು ಏನೂ ಇಲ್ಲದ ಬರಿ ಗಾಳಿಯಲ್ಲಿ ಆ ಬಲಗಾಲು ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು, ಸದ್ದಿಲ್ಲದೆ.